ಎಳೆ

ಅರೌಸಾ ಕೊಲ್ಲಿಯಲ್ಲಿ ನನಗೂ ಭಾವನಿಗೂ ಸೇರಿ ಒಂದು ತೆಪ್ಪ.
ಅದರಡಿ ನಾನೂರು ಹಗ್ಗ ಇಳಿಬಿಟ್ಟಿದ್ದೇವೆ.
ಕಪ್ಪುಚಿಪ್ಪಿನ ನೀಲಿಕಲ್ಲುಗಳಿಗೆ
ಕಚ್ಚುವುದನ್ನು ಯಾರೂ ಹೇಳಿಕೊಟ್ಟಿಲ್ಲ.
ಅಕ್ಕಿಕಾಳಿನಷ್ಟಿರುವಾಗಲೇ ಗಡ್ಡದಂಥ ನಾರು ಬಿಟ್ಟು
ಹಿಡಿದರೆ ಹಿಡಿದವೇ.
ಎಳೆ, ಎಳೆ ಎಂದು ಭಾವ ಕೂಗುತ್ತಾನೆ,
ಜನವರಿಯ ಗಾಳಿಗೂ ಅವು ಬಿಟ್ಟುಕೊಡುವುದಿಲ್ಲ.

ಮನೆಗೆ ಬಂದರೆ ಮಗ,
ಹುಟ್ಟಿ ಹನ್ನೆರಡು ದಿನ,
ಹಿಡಿಯುತ್ತಾನೆ, ಜಾರುತ್ತಾನೆ,
ಹಿಡಿಯುತ್ತಾನೆ, ಟಕ್ ಅನ್ನುತ್ತದೆ, ಜಾರುತ್ತಾನೆ.
ಚಿಲಕ ಸರಿ ಕೂರದ ಬಾಗಿಲಿನಂತೆ ರಾತ್ರಿಯಿಡೀ
ಆ ಟಕ್, ಟಕ್.

ಸಬೇಲಾ ಅಳುವುದಿಲ್ಲ. ಅವನು ಬಾಯಿ ಹಾಕುವಾಗ
ಕಾಲ ಹೆಬ್ಬೆರಳು ಮಡಚಿ ನೆಲಕ್ಕೊತ್ತುತ್ತಾಳೆ, ಅಷ್ಟೆ.
ತೊಟ್ಟು ಬಿರಿದಿದೆ. ಹಾಲಿನ ಜೊತೆ ಅದನ್ನೂ ಕುಡಿದು
ಒಮ್ಮೆ ಗುಲಾಬಿಬಣ್ಣ ಕಕ್ಕಿದ.
ಗಂಟೆಹೊತ್ತು ಎದೆಗಂಟಿ, ಗೇದು ಬಂದವನಂತೆ ನಿದ್ದೆಹೋಗಿ
ಇಪ್ಪತ್ತು ನಿಮಿಷಕ್ಕೆ ಮತ್ತೆ ಹಸಿವು.
ಮೂರು ಕಿಲೋ ಇನ್ನೂರು ಇದ್ದವನು
ಮೂರಕ್ಕೆ ಇಪ್ಪತ್ತು ಗ್ರಾಂ ಕಮ್ಮಿ.
ನನ್ನ ಬದುಕೇ ತಕ್ಕಡಿಯ ಮೇಲೆ,
ಆದರೂ ಈ ಲೆಕ್ಕ ಹತ್ತಲಿಲ್ಲ.

ಅಮ್ಮ ಬಾಗಿಲಲ್ಲೇ ನಿಂತು ಹೇಳಿದಳು:
"ನೀನೂ ಹೀಗೇ, ಅಮಾರೊ. ಸೋಮಾರಿ ಬಾಯಿ.
ಎರಡನೇ ವಾರಕ್ಕೇ ಬಾಟಲಿ ಹಿಡಿಸಿದೆ.
ನನ್ನ ಹಾಲು ಬರೀ ನೀರು ಅಂದರು ನಿನ್ನ ಅಜ್ಜಿ."
ಹೇಳಿ, ಒಲೆಯ ಮೇಲಿನ ಪಾತ್ರೆ ಕೆದಕಿದಳು.
ಅದರಲ್ಲಿ ಕೆದಕುವಂಥದ್ದು ಏನೂ ಇರಲಿಲ್ಲ.

ಬೆಳಿಗ್ಗೆ ಸೂಲಗಿತ್ತಿ ರೆಮೆದಿಯೋಸ್ ಬಂದಳು,
ರೇನ್‌ಕೋಟಿನಿಂದ ನೀರಿಳಿಸುತ್ತ.
ಕೈ ತೊಳೆದು, ಒರೆಸಿ, ಉಜ್ಜಿ ಬಿಸಿ ಮಾಡಿಕೊಂಡು
ಕಿರುಬೆರಳು ಅವನ ಬಾಯಿಗಿಟ್ಟಳು.
ನಾಲಿಗೆ ಎತ್ತಿದಳು. ಏಳಲಿಲ್ಲ ಅದು.
ತುದಿ ನಡುವೆ ಕುಸಿದು ಇಸ್ಪೀಟಿನ ಆಟೀನಿನಂತಾಯಿತು.
ಅಡಿಯಲ್ಲಿ ಬಿಳಿಯ ಒಂದೆಳೆ,
ಗಾಳದ ದಾರದಷ್ಟು ಸಣ್ಣ, ಅಷ್ಟೇ ಬಿಗಿ.
"ನಾಲಿಗೆ ಕಟ್ಟಿದೆ," ಎಂದಳು. "ಹಾಲಿನದ್ದೇನೂ ತಪ್ಪಿಲ್ಲ."

ನಾಲಿಗೆಗೆ ಲಗಾಮಿಲ್ಲ ಅಂತ ಯಾರಾರನ್ನೋ ಬೈಯುತ್ತೇವೆ.
ಇಲ್ಲೊಬ್ಬ ಲಗಾಮಿನೊಂದಿಗೇ ಬಂದಿದ್ದಾನೆ.

ಗುರುವಾರ ವಿಲಗಾರ್ಸಿಯಾದ ಆಸ್ಪತ್ರೆ.
ಕತ್ತರಿ ಒಮ್ಮೆ ಬಾಯಿ ಮುಚ್ಚಿತು, ಅಷ್ಟೆ.
ಸಾಸಿವೆಯಷ್ಟು ರಕ್ತ.
ತಕ್ಷಣ ಎದೆಗೆ ಹಾಕಿದರು, ನಾವೆಲ್ಲ ಉಸಿರು ಹಿಡಿದೆವು.
ಟಕ್.
ಮರುದಿನವೂ ಟಕ್.
"ಕಟ್ಟು ಬಿಚ್ಚಿದ ಮಾತ್ರಕ್ಕೆ ದೋಣಿ ಹೋಗುತ್ತದೆಯೆ?
ಹುಟ್ಟು ಹಾಕಲು ಕಲಿಯಲಿ," ಎಂದಳು ರೆಮೆದಿಯೋಸ್ ಫೋನಿನಲ್ಲಿ.

ಮೂರನೇ ರಾತ್ರಿ ಸದ್ದಿಲ್ಲದ್ದಕ್ಕೆ ಗಾಬರಿಬಿದ್ದು ಎದ್ದೆ.
ದವಡೆ ಕಿವಿಯ ತನಕ ಆಡುತ್ತಿತ್ತು.
ಗುಟುಕು. ಬಿಡುವು. ಗುಟುಕು.
ಸಬೇಲಾಳ ಪಾದ ನೆಲದ ಮೇಲೆ ಸಡಿಲವಾಗಿ,
ಯಾರದೋ ಮರೆತುಹೋದ ಚಪ್ಪಲಿಯಂತೆ.

ಅಡುಗೆಮನೆಯಲ್ಲಿ ಅಮ್ಮನೂ ಎಚ್ಚರವಿದ್ದಳು.
ದೋಣಿಯ ಟಾರ್ಚ್ ಕೈಯಲ್ಲಿ ಹಿಡಿದು,
"ಬಾಯಿ ತೆಗಿ," ಎಂದಳು.
ನನಗೆ ಮೂವತ್ತೊಂಬತ್ತು. ತೆಗೆದೆ.
ಈ ಬಾಯಲ್ಲಿ ರಕಾರ ಎಂದೂ ಉರುಳಲಿಲ್ಲ.
ಟೆರ್ರಾ, ನಮ್ಮಲ್ಲಿ ನೆಲಕ್ಕೆ ಹಾಗನ್ನುತ್ತಾರೆ,
ಶಾಲೆಯಲ್ಲಿ ಎದ್ದು ನಿಲ್ಲಿಸಿ ಅದನ್ನೇ ಹೇಳಿಸಿ ನಗುತ್ತಿದ್ದರು.
ಅದಕ್ಕೇ ನೀರಿಗಿಳಿದೆ ಅನ್ನುತ್ತಾನೆ ಭಾವ.
ಮಗನಿಗೆ ರೊಯ್ ಎಂದು ಸಬೇಲಾ ಹೆಸರಿಟ್ಟಾಗ
ಸುಮ್ಮನಿದ್ದೆ; ಜಾರಿಸಿಯೇ ಕರೆಯುತ್ತೇನೆ.

ಈರುಳ್ಳಿ ವಾಸನೆಯ ಬೆರಳು ನನ್ನ ನಾಲಿಗೆಯಡಿ
ತಡವಿತು, ನಿಂತಿತು.
"ಇದೆ," ಎಂದಳು.
ಟಾರ್ಚ್ ಆರಿಸುವುದನ್ನು ಮರೆತು ಕುಳಿತಳು.
ಬೆಳಕು ಸಿಂಕಿನ ಕೆಳಗಿನ ಬಕೆಟ್ಟಿನ ಮೇಲೆ ಬಿದ್ದಿತ್ತು.
ಆಮೇಲೆ ಎರಡೂ ಅಂಗೈ ಏಪ್ರನ್ನಿನ ಮೇಲೆ, ಎದೆಗೆ ಅವಚಿ,
ಅಲ್ಲಿದ್ದವರ ಬಳಿ ತಡವಾಗಿ ಏನೋ ಕೇಳುವವಳ ಹಾಗೆ.

ಒಳಗಿಂದ ಗುಟುಕು.
ಅಮ್ಮನ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಅಂದುಕೊಂಡೆ.
ಎಣಿಸುತ್ತಿದ್ದಳು.